ದೀನದಯಾಳನ್ ಬಾಯಿ ಕಟ್ಟಿದ ಭಾನುವಾರ

ಕಾಫಿ ಲೋಟ ಮುಂದೆ ಬಂದದ್ದೇ ತಡ, ದೀನದಯಾಳನ್ ಬಾಯಿ ತೆರೆದ. ತೆರೆದದ್ದಷ್ಟೇ. ಒಂದಕ್ಷರ ಹೊರಬೀಳುವ ಮೊದಲೇ ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಸುಶೀಲಮ್ಮ ತೊಡೆ ಚಿವುಟಿದ ರಭಸಕ್ಕೆ ಅವನ ಹೊಸ ಪ್ಯಾಂಟಿನ ಇಸ್ತ್ರಿ ಗೆರೆ ಜಾಗ ಬದಲಿಸಿತು. ಬಾಯಿ ಮುಚ್ಚಿಕೊಂಡ. ತಟ್ಟೆ ಹಿಡಿದು ನಿಂತಿದ್ದ ಹುಡುಗಿ ಕೃತ್ತಿಕಾ, ಇವನು ಏನೋ ಹೇಳುವವನಿದ್ದಾನೆಂದು ಒಂದು ಗಳಿಗೆ ಕಾದಳು. ಏನೂ ಬಾರದಿದ್ದಾಗ ಲೋಟವನ್ನು ಅವನ ಕೈಗೇ ಕೊಟ್ಟು ಹಿಂದೆ ಸರಿದಳು.

ಎರಡು ವರ್ಷ ನಾಲ್ಕು ತಿಂಗಳಿಂದ ಅವನು ಹಾಲು ಮುಟ್ಟಿರಲಿಲ್ಲ. ಈ ಸಂಗತಿ ಗೊತ್ತಿಲ್ಲದ ಪ್ರಾಣಿ ಅವನಿದ್ದ ಗಣಪತಿ ಎಂಬ ಬಡಾವಣೆಯ ಬೀದಿಗಳಲ್ಲಿ ಒಂದೂ ಉಳಿದಿರಲಿಲ್ಲ. ಹಾಲಿನವನಿಗೆ ಹೇಳಿದ್ದ. ಹಾಲಿನವನ ಎಮ್ಮೆಗೂ ಖುದ್ದಾಗಿ ಹೋಗಿ ತಿಳಿಸಿ ಬಂದನೆಂದು ಬೀದಿಯವರು ಆಣೆಯಿಟ್ಟು ಹೇಳುತ್ತಾರೆ. ಹಾಲು ಬಿಟ್ಟದ್ದು ಒಂದು. ಎರಡನೆಯದು, ಚಪ್ಪಲಿಯಿಲ್ಲದೆ ಓಡುವುದು. ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಲಿನಕ್ಸ್. ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಬಿಡಿಭಾಗಗಳ ನಕ್ಷೆ ಬರೆಯುವ ಕೆಲಸ ಅವನದು. ಆಫೀಸಿನವರೆಲ್ಲ ವಿಂಡೋಸಿನಲ್ಲಿ ಬರೆದರೆ ಅವನೊಬ್ಬ ಲಿನಕ್ಸಿನಲ್ಲಿ ಬರೆಯುತ್ತಿದ್ದ. ಬರೆಯುವುದು ಗಂಟೆಗೊಂದು ಗೆರೆ, ಉಳಿದದ್ದು ಲಿನಕ್ಸಿನಲ್ಲಿ ಬರೆಯುತ್ತಿದ್ದೇನೆಂದು ಹೇಳುವುದು. ಬ್ಯಾಂಕಿನ ಕಿಟಕಿಯಲ್ಲಿ ಹೆಸರು ಕೇಳಿದರೆ "ದೀನದಯಾಳನ್, ಲಿನಕ್ಸ್" ಎನ್ನುವಷ್ಟಕ್ಕೆ ಬಂದು ನಿಂತಿತ್ತು. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಅವನನ್ನು ಬಿಟ್ಟು ನಲವತ್ತಮೂರು ಜನ. ನಲವತ್ತೆರಡು ಜನ ಅವನ ಸಂದೇಶ ಬಂದರೆ ಫೋನು ಕೂಗದಂತೆ ಮಾಡಿಕೊಂಡಿದ್ದರು. ಉಳಿದ ಒಂದು ಸುಶೀಲಮ್ಮನ ಫೋನು. ಹಾಗೆ ಮಾಡುವುದು ಹೇಗೆಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೀಗಾಗಿ ವಯಸ್ಸು ಮೂವತ್ತನಾಲ್ಕಾಗಿತ್ತು, ಮೂರು ಸಂಬಂಧ ಮುರಿದಿದ್ದವು. ಪೊಳ್ಳಾಚಿಯ ಮನೆಯಲ್ಲಿ "ತಂಬಿ ಏನು ಮಾಡ್ತಿದೀರಿ?" ಎಂದು ಹುಡುಗಿಯ ಅಪ್ಪ ಕೇಳಿದ್ದಕ್ಕೆ ಒಂದು ಗಂಟೆ ಐವತ್ತು ನಿಮಿಷ ಉತ್ತರ ಕೊಟ್ಟ. ಆ ಮನುಷ್ಯ ಕುರ್ಚಿಯಿಂದ ಜಾರಿ ಬಿದ್ದದ್ದು ನಿದ್ದೆಯಿಂದಲೋ ಬವಳಿಯಿಂದಲೋ ಇಂದಿಗೂ ತೀರ್ಮಾನವಾಗಿಲ್ಲ. ತಿರುಪ್ಪೂರಿನ ಮನೆಯಲ್ಲಿ ಬಜ್ಜಿ ಬೇಯುವಷ್ಟರಲ್ಲಿ ಹುಡುಗಿಯ ಅಣ್ಣನ ಲ್ಯಾಪ್‌ಟಾಪ್ ತೆಗೆದುಕೊಂಡು ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ಲಿನಕ್ಸ್ ತುಂಬಿಸಿಕೊಟ್ಟ. ಮೂರು ಮದುವೆ, ಎರಡು ಸೀಮಂತದ ಫೋಟೋಗಳು ಆ ಬಜ್ಜಿಯ ಹೊಗೆಯೊಂದಿಗೇ ಹೋದವು. ವಾಲ್ಪಾರೈಯ ಎಸ್ಟೇಟ್ ಗುಮಾಸ್ತರ ಮನೆಗೆ ಹೋಗುವಾಗ ಘಟ್ಟದ ಕಡೆಯ ಒಂಬತ್ತು ತಿರುವು ಇರುವಾಗಲೇ ಬಸ್ಸಿನಿಂದಿಳಿದು ಬರಿಗಾಲಲ್ಲಿ ಓಡಿದ. ಹುಡುಗಿ ಆರತಿ ತಟ್ಟೆ ಹಿಡಿದು ಹೊರಬಂದರೆ ಹೊಸಿಲಲ್ಲಿ ರಕ್ತದ ಹೆಜ್ಜೆ. ಆಕೆ ಆ ಕ್ಷಣ ಒಳಗೆ ಹೋದವಳು ತಿರುಗಿ ಬರಲಿಲ್ಲ.

ನಾಲ್ಕನೆಯದು ಈ ಪೆರಿಯನಾಯಕನಪಾಳ್ಯದ ಮನೆ. ಮದುವೆ ದಲ್ಲಾಳಿ ರಾಮಸಾಮಿ ಮೊದಲೇ ಕೈ ಮುಗಿದಿದ್ದ. "ಸುಶೀಲಕ್ಕ, ಇದೇ ಕಡೇದು. ಮೇಟ್ಟುಪಾಳ್ಯದಿಂದ ಪೊಳ್ಳಾಚಿವರೆಗೂ ನಮ್ಮ ಕನ್ನಡ ನೇಕಾರ ಜನದಲ್ಲಿ ಇನ್ನು ಇವನು ಬಾಯ್ ಬಿಡದ ಮನೆ ಒಂದೂ ಇಲ್ಲೆ. ಹುಡುಗ ವಾಯಿಲ್ಲಾ ಪೂಚಿ ಅಂತ ಹೇಳಿಟ್ಟಿದೀನಿ. ಹಂಗೇ ಇರ್ಲಿ." ಬಾಯಿಲ್ಲದ ಹುಳ ಎಂದು ಬಿರುದು ಪಡೆದ ಮಗನ ಕೈಯನ್ನು ಸುಶೀಲಮ್ಮ ತನ್ನ ನೆತ್ತಿಯ ಮೇಲೆ ಇಡಿಸಿಕೊಂಡಿದ್ದಳು. "ಹಾಲಿನ ಕಥೆ ಬೇಡ, ಕಾಲಿನ ಕಥೆ ಬೇಡ, ಆ ಮೂರನೇದರ ಹೆಸರೇ ಬೇಡ. ಭಾನುವಾರ ಮನೆಗೆ ತಿರುಗಿ ಬರೋವರೆಗೂ ಯಾರ ಕಿವಿಗೂ ಬೀಳಬಾರ್ದು. ಬಿದ್ರೆ ನಾನಿಲ್ಲೆ, ತಿಳ್ಕೊ ಕಣ್ಣು."

ಅವನು ಕಾಫಿ ಕುಡಿದ. ಎಮ್ಮೆ ಹಾಲಿನ ಗಟ್ಟಿ ಡಿಕಾಕ್ಷನ್ನಿನ ಕಾಫಿ. ಮೊದಲ ಗುಟುಕಿಗೆ ಕಣ್ಣು ತಾನಾಗಿ ಮುಚ್ಚಿತು. ಎರಡನೆಯದಕ್ಕೆ ಎರಡು ವರ್ಷ ನಾಲ್ಕು ತಿಂಗಳು ಬೆನ್ನಿನಿಂದ ಕೆಳಗಿಳಿದು ಹೋದಂತಾಯಿತು. ಇದನ್ನಾದರೂ ಯಾರಿಗಾದರೂ ಹೇಳಬೇಕೆಂದು ನಾಲಿಗೆ ತುರಿಸಿತು. ಹೇಳುವಂತಿರಲಿಲ್ಲ.

"ಮಾಪಿಳ್ಳೈ ಕಮ್ಮಿ ಮಾತುಂಗ," ಎಂದು ರಾಮಸಾಮಿ ವರನ ಕಡೆ ಕೈ ತೋರಿಸಿ ಬೀಗಿದ. "ಕೇಳಿದ್ದಕ್ಕೆ ಮಾತ್ರ ಪದಿಲು."

"ಒಳ್ಳೇದುಂಗ," ಎಂದರು ಹುಡುಗಿಯ ಅಪ್ಪ ಸೋಮಸುಂದರಂ. ಆದರೆ ಅವರ ಗಮನ ಇಲ್ಲಿರಲಿಲ್ಲ. ಕೂತಲ್ಲಿಂದಲೇ ಎರಡು ನಿಮಿಷಕ್ಕೊಮ್ಮೆ ಹಿತ್ತಲ ಬಾಗಿಲ ಕಡೆ ಕತ್ತು ತಿರುಗಿಸುತ್ತಿದ್ದರು. ಹಿತ್ತಲಲ್ಲಿ ಅವರ ಶೆಡ್ಡು, ಅದರಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ. ನಾಲ್ಕೂ ನಿಂತಿದ್ದವು. "ತಪ್ಪು ತಿಳೀಬೇಡಿ. ಮನಸ್ಸೆಲ್ಲ ಅಲ್ಲೇ ಇದೆ. ಹದಿನಾರು ಮದುವೆ ಸೀರೆ, ಬುಧವಾರ ಲಾರಿಗೆ ಹಾಕ್ಬೇಕು. ತರಿ ನಾಲ್ಕೂ ಬೆಳಿಗ್ಗೇಲಿಂದ ಸುಮ್ನೆ ನಿಂತಿವೆ. ಡಿಸೈನ್ ಕೊಡೋ ಕಂಪ್ಯೂಟರು ಹಟ ಹಿಡಿದು ಕೂತಿದೆ."

ಕಂಪ್ಯೂಟರು ಎಂಬ ಶಬ್ದಕ್ಕೆ ದೀನದಯಾಳನ ಕಿವಿ ಬೇಟೆನಾಯಿಯ ಕಿವಿಯಂತೆ ನೆಟ್ಟಗಾದವು. ಸುಶೀಲಮ್ಮನ ಬೆರಳು ತೊಡೆಯ ಹತ್ತಿರ ಬಂದು ಕೂತವು.

"ನಿನ್ನೆ ಸಾಯಂಕಾಲ ಮಳೆಗೆ ಕರೆಂಟ್ ಹೋಯ್ತು," ಎಂದಳು ಕೃತ್ತಿಕಾ. ಸೀರೆಯ ವಿನ್ಯಾಸ ಬರೆದು ಮಗ್ಗಕ್ಕೆ ಕಳಿಸುವವಳು ಅವಳೇ. ನೋಡಲು ಬಂದವರ ಮುಂದೆ ನಿಂತಿದ್ದೇನೆಂಬುದನ್ನೂ ಮರೆತು ಅಪ್ಪನ ಮಾತು ಮುಂದುವರಿಸಿದಳು. "ಇವತ್ತು ಹಾಕಿದ್ರೆ ಪ್ರೋಗ್ರಾಮ್ ತೆರೀತಿಲ್ಲ. ಲೈಸೆನ್ಸ್ ಇನ್ನೂ ಶುರುವೇ ಆಗಿಲ್ಲ ಅಂತ ಬರತ್ತೆ. ತಗೊಂಡು ಮೂರು ವರ್ಷ ಆಯ್ತು. ಅದು ಹೆಂಗೆ ಶುರು ಆಗಿಲ್ಲ?"

"ಮೈಲ್‌ಸಾಮಿ ಬರ್ತಾ ಇದಾನೆ ಅಮ್ಮಿಣಿ. ಬಂದ್ರೆ ಓಡತ್ತೆ," ಎಂದು ಸೋಮಸುಂದರಂ ಮಗಳಿಗೆ ಧೈರ್ಯ ಹೇಳಿದರು. ಮೈಲ್‌ಸಾಮಿ ಮಗ್ಗ ರಿಪೇರಿಯವನು.

ದೀನದಯಾಳನಿಗೆ ಅರ್ಧ ಕ್ಷಣದಲ್ಲಿ ತಿಳಿಯಿತು. ಒಳಗಿನ ಪುಟ್ಟ ಬ್ಯಾಟರಿ ಸತ್ತಿದೆ. ಕರೆಂಟು ಹೋದಾಗ ಕಂಪ್ಯೂಟರು ಇಸವಿ ಮರೆತಿದೆ. ಹತ್ತಾರು ವರ್ಷ ಹಿಂದಕ್ಕೆ ಹೋಗಿ ಕೂತಿರುವ ಯಂತ್ರಕ್ಕೆ ಮೂರು ವರ್ಷದ ಹಿಂದೆ ಕೊಂಡ ಲೈಸೆನ್ಸು ಹೇಗೆ ಶುರುವಾದೀತು? ಒಂದೇ ಮಾತು ಹೇಳಿದರೆ ಸಾಕಿತ್ತು. ಆದರೆ ಅವನ ಬಾಯಿಂದ ಒಂದು ಮಾತು ಒಂಟಿಯಾಗಿ ಹೊರಟ ಚರಿತ್ರೆಯೇ ಇಲ್ಲ. ಹೊರಟರೆ ಹಿಂದೆ ವಾಲಗ, ಮುಂದೆ ಪಟಾಕಿ, ದಿಬ್ಬಣವೇ ಹೊರಡಬೇಕು. ಬ್ಯಾಟರಿ ಎಂದರೆ ಕಂಪ್ಯೂಟರು, ಕಂಪ್ಯೂಟರು ಎಂದರೆ ಮೂರನೆಯದು. ಮೊಣಕಾಲು ತಾನಾಗಿ ಕುಣಿಯತೊಡಗಿತು. ಕಾಲ ಕೆಳಗಿನ ಚಾಪೆ, ಚಾಪೆಯ ಮೇಲಿನ ತಟ್ಟೆ, ತಟ್ಟೆಯಲ್ಲಿನ ಕೇಸರಿಭಾತು ಎಲ್ಲ ನಡುಗಿದವು.

"ಕೈ ತೊಳ್ಕೊಂಡು ಬರ್ತೀನಿ," ಎಂದ. ಆ ದಿನ ಅವನಾಡಿದ ಮೊದಲ ಮಾತು. ರಾಮಸಾಮಿ ಎಲ್ಲರನ್ನೂ ನೋಡಿ, ಕೇಳಿಸಿಕೊಂಡಿರಾ ಎಂಬಂತೆ ತಲೆದೂಗಿದ.

ನಲ್ಲಿಯ ಪಕ್ಕದಲ್ಲೇ ಶೆಡ್ಡಿಗೆ ಅಂಟಿದ ಕಿರುಕೋಣೆ. ಅರಿಸಿನ ಕುಂಕುಮ ಹಚ್ಚಿಸಿಕೊಂಡ ಕಂಪ್ಯೂಟರು ಹಿರಿಯ ಮುತ್ತೈದೆಯಂತೆ ಮೇಜಿನ ಮೇಲೆ ಕೂತಿತ್ತು. ಅದರ ಪಕ್ಕದ ತಗಡಿನ ತಿರುಪು ಯಾವ ಕಾಲದಲ್ಲೋ ಕಳೆದಿದ್ದರಿಂದ ರೇಷ್ಮೆ ನೂಲಿನಿಂದ ಕಟ್ಟಿದ್ದರು. ಪರದೆಯ ಮೂಲೆಯಲ್ಲಿ ತಾರೀಖು: ಎರಡು ಸಾವಿರದ ಒಂಬತ್ತು, ಜನವರಿ ಒಂದು. ದೀನದಯಾಳನ ಕೈ ಅಭ್ಯಾಸಬಲದಿಂದ ಜೇಬಿನ ಪೆನ್‌ಡ್ರೈವಿಗೆ ಹೋಯಿತು. ಮಲಗುವಾಗಲೂ ಅದು ಅವನ ಮೈಮೇಲೆ ಇರುತ್ತದೆ, ಅದರಲ್ಲಿ ಲಿನಕ್ಸ್ ಇರುತ್ತದೆ. ಅದು ಇಲ್ಲಿ ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ. ಅವನ ಜೀವನದಲ್ಲಿ ಅದಕ್ಕಿಂತ ಕಹಿಯಾದ ಗಳಿಗೆ ಬಂದಿರಲಿಲ್ಲ. ಬೇಕಾದದ್ದು ನಾಣ್ಯದಗಲದ ಒಂದು ಬ್ಯಾಟರಿ.

ಅದೂ ಅವನ ಮೈಮೇಲೇ ಇತ್ತು. ಓಡುವಾಗ ಎದೆಬಡಿತ ಎಣಿಸುವ ಪಟ್ಟಿಯೊಂದನ್ನು ಅವನು ಎದೆಗೆ ಸುತ್ತಿಕೊಳ್ಳುತ್ತಿದ್ದ. ಹೆಣ್ಣು ನೋಡುವಾಗ ಬಡಿತ ಎಷ್ಟಕ್ಕೆ ಏರುತ್ತದೆಂದು ಮುಂದೆ ಹತ್ತು ಜನಕ್ಕೆ ಹೇಳಲು ಬರಲೆಂದು ಇಂದೂ ಸುತ್ತಿಕೊಂಡು ಬಂದಿದ್ದ. ಅಂಗಿಯ ಗುಂಡಿ ಬಿಚ್ಚಿದ. ಪಟ್ಟಿಯ ಮುಚ್ಚಳ ತಿರುಗಿಸಿ ಬ್ಯಾಟರಿ ತೆಗೆದ. ಎರಡಕ್ಕೂ ಒಂದೇ ಅಳತೆ. ಕಂಪ್ಯೂಟರು ಆರಿಸಿ, ತಗಡು ಬಿಚ್ಚಿ, ಸತ್ತದ್ದರ ಜಾಗದಲ್ಲಿ ಬದುಕಿದ್ದನ್ನು ಕೂರಿಸಿ, ತಗಡಿಗೆ ನೂಲು ಕಟ್ಟಿ, ಮತ್ತೆ ಹಚ್ಚಿ, ಇಸವಿ ಸರಿಮಾಡಿದ. ಪ್ರೋಗ್ರಾಮು ಹಸುಗೂಸಿನಂತೆ ಕಣ್ಣು ಬಿಟ್ಟಿತು.

ಅಷ್ಟರಲ್ಲಿ ಹುಡುಗಿಯ ಅಜ್ಜಿ ನೀರಿಗೆಂದು ಅತ್ತ ಬಂದವರು ಗುಂಡಿ ಹಾಕಿಕೊಳ್ಳುತ್ತಿದ್ದ ವರನನ್ನು ಕಂಡು ಬಂದ ಹಾಗೇ ತಿರುಗಿದರು. "ಹುಡುಗನಿಗೆ ಶೆಕೆ ಪಾಪ, ಅಂಗಿ ಬಿಚ್ಕೊಂಡು ನಿಂತಿತ್ತು. ಫ್ಯಾನ್ ಜಾಸ್ತಿ ಮಾಡು," ಎಂದು ಅವರು ಯಾರಿಗೋ ಹೇಳುವುದು ಅವನಿಗೂ ಕೇಳಿಸಿತು.

ತಿರುಗಿ ಬಂದು ಚಾಪೆಯ ಮೇಲೆ ಕೂತ. ಹೇಳಲಿಲ್ಲ. ಇದು ಸಾಮಾನ್ಯ ಸಂಗತಿಯಲ್ಲ. ಕಂಠಮಟ್ಟ ತುಂಬಿದ ಕೆರೆಗೆ ಬೆರಳಡ್ಡ ಇಟ್ಟು ಕೂತ ಹಾಗೆ ಕೂತಿದ್ದ. ಹೇಳಿದರೆ ಅಮ್ಮನ ನೆತ್ತಿ. ಹೇಳದಿದ್ದರೆ ಹೊಟ್ಟೆ ಒಡೆದು ಈ ಒಳ್ಳೆಯ ಚಾಪೆ ಹಾಳಾಗುವುದು ಖಂಡಿತ. ಕೃತ್ತಿಕಾ ಒಳಗೆ ಹೋಗಿ ನೋಡಬಹುದು, ಪ್ರೋಗ್ರಾಮು ತೆರೆದದ್ದು ಕಾಣಬಹುದು, ಯಾರು ಸರಿಮಾಡಿದ್ದು ಎಂದು ಕೇಳಬಹುದು. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಆಣೆ ಮುರಿದಂತಲ್ಲ. ಹಾಗೆಂದು ಲೆಕ್ಕ ಹಾಕುತ್ತಿರುವಾಗಲೇ ಬಾಗಿಲಲ್ಲಿ ಮೈಲ್‌ಸಾಮಿ ಕಾಣಿಸಿಕೊಂಡ.

ಒಂದು ಕೈಯಲ್ಲಿ ಸ್ಪಾನರು, ಇನ್ನೊಂದರಲ್ಲಿ ಎಣ್ಣೆ ಡಬ್ಬಿ, ಮೀಸೆ ಎರಡು ಕೈಗೂ ಸಾಲದಷ್ಟು. ನೇರ ಕಿರುಕೋಣೆಗೆ ನುಗ್ಗಿದ. ಒಳಗಿಂದ ಕಂಪ್ಯೂಟರಿನ ಬೆನ್ನಿಗೆ ಅಂಗೈಯಿಂದ ಎರಡು ಏಟು ಕೊಟ್ಟ ಸದ್ದು ಬಂತು.

"ತೆರೆದಿದೆ, ಅಪ್ಪಾ," ಎಂದು ಓಡಿಹೋಗಿದ್ದ ಕೃತ್ತಿಕಾಳ ಕೂಗು ಅದರ ಹಿಂದೆಯೇ ಬಂತು.

ಐದು ನಿಮಿಷದಲ್ಲಿ ನಾಲ್ಕು ಮಗ್ಗವೂ ಒಟ್ಟಿಗೆ ಎದ್ದವು. ಗೋಡೆಯ ಮೇಲಿನ ದೇವರ ಪಟಗಳು ಒಂದಂಗುಲ ಸರಿದು ನಿಂತವು. ಸೋಮಸುಂದರಂ ಮುಖದ ಮೇಲೆ ಬೆಳಗಿನಿಂದ ಕಾಣದ ನಗು ಬಂತು. ಮೈಲ್‌ಸಾಮಿ ಕೈ ಒರೆಸಿಕೊಳ್ಳುತ್ತ ನಡುಮನೆಗೆ ಬಂದು, ಇನ್ನೂ ವರನಿಗೇ ಎರಡನೇ ಸಲ ಬಡಿಸದಿದ್ದ ಕೇಸರಿಭಾತಿನ ತಟ್ಟೆಯನ್ನು ತಾನೇ ಕೈಗೆತ್ತಿಕೊಂಡ.

"ನಾನ್ ಕೈ ವೆಚ್ಚಾ ತರಿ ಓಡಣುಂಗ," ಎಂದ. ತಾನು ಕೈಯಿಟ್ಟರೆ ಮಗ್ಗ ಓಡಲೇಬೇಕಂತೆ. ಪಲ್ಲಡದಲ್ಲಿ ಒಮ್ಮೆ ಕೈಯಿಟ್ಟ ಮಗ್ಗ ಮೂರು ವರ್ಷ ನಿಲ್ಲಲೇ ಇಲ್ಲವಂತೆ, ಕೊನೆಗೆ ಯಜಮಾನನೇ ಬಂದು ನಿಲ್ಲಿಸು ಎಂದು ಕಾಲಿಗೆ ಬಿದ್ದನಂತೆ.

"ಕೈರಾಸಿಕ್ಕಾರ ಅವನು," ಎಂದು ಸೋಮಸುಂದರಂ ವರನ ಕಡೆ ತಿರುಗಿ ಹೆಮ್ಮೆಪಟ್ಟರು. "ಮೈಲ್‌ಸಾಮಿ ಕೈಗುಣ ಯಾರಿಗೂ ಬರಲ್ಲುಂಗ. ಅಲ್ಲಾ ಮಾಪಿಳ್ಳೈ?"

ದೀನದಯಾಳನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ತೊಡೆಯ ಮೇಲೆ ಎರಡು ಬೆರಳು. ಅವನು ತಲೆಯಾಡಿಸಿದ.

ತಗಡಿನ ನೂಲನ್ನು ಕೃತ್ತಿಕಾ ನೋಡಿದ್ದಳು. ನೇಕಾರರ ಮನೆಯಲ್ಲಿ ಹಾಲುಹಲ್ಲು ಬೀಳುವ ಮೊದಲೇ ಕಲಿಯುವ ಚಿಕ್ಕ ಗಟ್ಟಿ ಗಂಟೊಂದಿದೆ. ಅವಳು ಕಟ್ಟಿದ್ದು ಅದು. ಈಗ ಅಲ್ಲಿದ್ದದ್ದು ಶಾಲೆಗೆ ಹೋಗುವ ಮಕ್ಕಳ ಬೂಟಿನ ಲಾಡಿಯಂತೆ ಎರಡು ಕಿವಿ ಬಿಟ್ಟುಕೊಂಡ ಗಂಟು. ಮೈಲ್‌ಸಾಮಿ ತಗಡು ಬಿಚ್ಚಿರಲೂ ಇಲ್ಲ. ಅವಳು ಚಾಪೆಯ ಮೇಲಿನವನನ್ನು ಒಮ್ಮೆ ನೋಡಿದಳು. ಅವನು ತನ್ನ ತಟ್ಟೆಯನ್ನೇ ನೋಡುತ್ತಿದ್ದ.

"ಬನ್ನಿ, ತರಿ ಓಡೋದು ನೋಡೋರಂತೆ," ಎಂದು ಸೋಮಸುಂದರಂ ಎದ್ದರು. ರಾಮಸಾಮಿಯೊಬ್ಬ ಕಾಫಿಯ ಎರಡನೇ ಸುತ್ತಿಗೆ ಕಾದು ಕೂತ. ಉಳಿದವರೆಲ್ಲ ಶೆಡ್ಡಿಗೆ ನಡೆದರು. ಮೈಲ್‌ಸಾಮಿ ತಟ್ಟೆಯ ಸಮೇತ ಬಂದ.

ಒಳಗೆ ಕಾಲಿಟ್ಟರೆ ಕಿವಿಗಳು ಕೆಲಸ ಬಿಟ್ಟವು. ನಾಲ್ಕು ಮಗ್ಗದ ಸದ್ದು ಕಿವಿಗೆ ಬೀಳುವುದಲ್ಲ, ಹಲ್ಲಿಗೆ ಬೀಳುತ್ತದೆ. ಸಿಡಿಲು ಬಂದು ಅಲ್ಲಿ ನಿಂತರೆ ಯಾರಿದು ಪಿಸುಗುಟ್ಟುವುದು ಎಂದು ಕೇಳಬೇಕು. ಸೋಮಸುಂದರಂ ಆ ತುದಿಯಲ್ಲಿದ್ದ ಕೆಲಸದಾಕೆಯ ಕಡೆ ಮುಖ ಮಾಡಿ ತುಟಿ ಆಡಿಸಿದರು. ಆಕೆ ತಲೆಯಾಡಿಸಿ ಗೂಡಿನಿಂದ ಕೆಂಪು ನೂಲಿನ ಉಂಡೆ ತಂದು ಕೊಟ್ಟಳು. ದೀನದಯಾಳನ್ ಅದನ್ನು ಕಂಡ. ಕಂಡದ್ದು ತಲೆಗೆ ಹೋಗಲಿಲ್ಲ. ಅವನ ಮನೆಯವರು ಅವನ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಪಂಪಿನ ಕೆಲಸಕ್ಕೆ ಬಂದವರು. ಅವನ ತಲೆಯಲ್ಲಿದ್ದದ್ದು ಒಂದೇ ಯೋಚನೆ: ಯಾರ ಕಿವಿಗೂ ಬೀಳಬಾರದು ಎಂದಲ್ಲವೇ ಅಮ್ಮ ಹೇಳಿದ್ದು? ಇಲ್ಲಿ ಬೀಳಲು ಕಿವಿಯಾದರೂ ಎಲ್ಲಿದೆ?

ಅಮ್ಮನಿಗೆ ಬೆನ್ನು ಮಾಡಿ ಎರಡನೇ ಮಗ್ಗದ ಮುಂದೆ ನಿಂತ. ಬೆರಳು ತೆಗೆದ, ಕೆರೆ ಒಡೆಯಿತು.

"ನಾನು ಹಾಲು ಕುಡಿಯಲ್ಲ," ಎಂದ ಮಗ್ಗಕ್ಕೆ. "ಎರಡು ವರ್ಷ ನಾಲ್ಕು ತಿಂಗಳು ಆಯ್ತು. ಚಪ್ಪಲಿ ಇಲ್ದೆ ನಲವತ್ತೆರಡು ಕಿಲೋಮೀಟರ್ ಓಡಿದೀನಿ, ಎರಡು ಉಗುರು ಹೋಗಿದೆ, ಪರವಾಗಿಲ್ಲ. ನಾನು ಲಿನಕ್ಸು. ಹನ್ನೊಂದು ವರ್ಷದಿಂದ ಲಿನಕ್ಸು. ಯಾರೂ ಕೇಳಲ್ಲ, ನಾನೇ ಹೇಳ್ತೀನಿ. ಬ್ಯಾಟರಿ ನಂದು. ಆ ಮೀಸೆಯವನು ಏನೂ ಮಾಡಿಲ್ಲ, ಸುಮ್ನೆ ಎರಡು ಏಟು ಕೊಟ್ಟ. ಎದೆಯಿಂದ ಬಿಚ್ಚಿ ಇಟ್ಟವನು ನಾನು. ಕೇಸರಿಭಾತು ಅವನು ತಿಂತಿದಾನೆ."

ಉಸಿರು ತೆಗೆದುಕೊಂಡ. ಮಗ್ಗ ನಿಲ್ಲಲಿಲ್ಲ, ಎದ್ದು ಹೋಗಲಿಲ್ಲ, ಕುರ್ಚಿಯಿಂದ ಜಾರಲಿಲ್ಲ. ಅದರಿಂದಲೋ ಏನೋ ಅವನು ಹೇಳಬೇಕೆಂದುಕೊಳ್ಳದೇ ಇದ್ದದ್ದೂ ಬಂತು.

"ಹೇಳೋದು ನಿಲ್ಲಿಸಿದ್ರೆ ನಾನು ಇದೀನಿ ಅಂತ ಯಾರಿಗೂ ಗೊತ್ತಾಗಲ್ಲ ಅನ್ಸತ್ತೆ. ಇವತ್ತು ಗೊತ್ತಾಗ್ಲಿಲ್ಲ ನೋಡು. ಕಾಫಿ ಚೆನ್ನಾಗಿತ್ತು. ಇನ್ನೊಂದು ಲೋಟ ಕೊಟ್ಟಿದ್ರೆ ಕುಡೀತಿದ್ದೆ. ಅದನ್ನ ಮಾತ್ರ ಯಾರಿಗೂ ಹೇಳಲ್ಲ. ಆ ಹುಡುಗಿ ಲೈಸೆನ್ಸ್ ಹೆಂಗೆ ಶುರು ಆಗಿಲ್ಲ ಅಂತ ಕೇಳಿದ್ಲಲ್ಲ, ಅಷ್ಟು ಸರಿಯಾಗಿ ಯಾರೂ ಏನೂ ಕೇಳಿದ್ದು ನಾನು ನೋಡಿಲ್ಲ. ಅವಳು ಬೇಡ ಅಂದ್ರೆ ನಾನು..."

ತಲೆಯೆತ್ತಿದ. ಮಗ್ಗದ ಆಚೆ ಬದಿಯಲ್ಲಿ, ಓಡುವ ಎಳೆಗಳ ಹಿಂದೆ, ತುಂಡಾದ ನೂಲಿನ ತುದಿ ಹಿಡಿದುಕೊಂಡು ಕೃತ್ತಿಕಾ ನಿಂತಿದ್ದಳು. ಅವನ ಕಣ್ಣನ್ನಲ್ಲ, ಬಾಯನ್ನು ನೋಡುತ್ತಿದ್ದಳು.

ಆ ಕಡೆ ಕೆಂಪು ಉಂಡೆಯ ಕೆಲಸದಾಕೆಯೂ ಅವನ ಬಾಯನ್ನೇ ನೋಡುತ್ತಿದ್ದಳು. ಸೋಮಸುಂದರಂ ನೋಡುತ್ತಿದ್ದರು. ಪಕ್ಕದ ಬಾಗಿಲಲ್ಲಿ ಅಜ್ಜಿ, ಸೆರಗನ್ನು ಬಾಯಿಗೆ ಹಿಡಿದು, ನೋಡುತ್ತಿದ್ದರು. ಆ ಶೆಡ್ಡಿನಲ್ಲಿ ಮೂರು ತಲೆಮಾರಿನಿಂದ ಯಾರೂ ಯಾರ ಮಾತನ್ನೂ ಕಿವಿಯಿಂದ ಕೇಳಿದವರಲ್ಲ. ಹತ್ತು ಗಜ ದೂರದ ಜಗಳ, ಮಸಲತ್ತು, ಮುದ್ದು, ಬೈಗುಳ ಎಲ್ಲವನ್ನೂ ತುಟಿಯಿಂದಲೇ ಓದಿ ಬೆಳೆದ ಜನ. ಬೀದಿಯಲ್ಲಿ ನಿಂತು ಧ್ವನಿವರ್ಧಕ ಹಿಡಿದು ಕೂಗಿದ್ದರೂ ಅಷ್ಟು ನಿಚ್ಚಳವಾಗಿ ತಲುಪುತ್ತಿರಲಿಲ್ಲ. ಮೈಲ್‌ಸಾಮಿಯ ಕೈ ತಟ್ಟೆಗೂ ಮೀಸೆಗೂ ನಡುವೆ ನಿಂತಿತ್ತು. ಇಪ್ಪತ್ತೆರಡು ವರ್ಷ ಮಗ್ಗಗಳ ನಡುವೆ ಬದುಕಿದವನು ಅವನೂ. ಈ ಮನೆಯ ಕನ್ನಡ ಅವನಿಗೆ ಬಾಯಿಪಾಠ. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಎಣ್ಣೆ ಡಬ್ಬಿ ಎತ್ತಿಕೊಂಡು, ನಾಲ್ಕನೇ ಮಗ್ಗದ ಹಿಂದೆ ಏನೋ ಕೆಲಸವಿರುವವನಂತೆ ಬಗ್ಗಿದ.

ವಿಷಯ ತಿಳಿಯದವಳು ಒಬ್ಬಳೇ, ಬೆನ್ನ ಹಿಂದಿದ್ದ ಸುಶೀಲಮ್ಮ. ಎಲ್ಲರೂ ತನ್ನ ಮಗನನ್ನು ಇಷ್ಟು ಗಮನವಿಟ್ಟು ನೋಡುತ್ತಿರುವುದು ಕಂಡು, ಬಾಯಿ ಮುಚ್ಚಿದ್ದಕ್ಕೆ ಫಲ ಸಿಕ್ಕಿತೆಂದು ಆಕೆಗೆ ಸಂತೋಷವಾಗಿತ್ತು.

ದೀನದಯಾಳನ್ ಬಾಯಿ ಮುಚ್ಚಿದ. ಈ ಸಲ ಯಾರೂ ಚಿವುಟಲಿಲ್ಲ. ಓಡಿಹೋಗಲು ಕಾಲು ಹವಣಿಸಿತು, ಬಾಗಿಲಲ್ಲಿ ಅಜ್ಜಿ ಇದ್ದರು.

ಕೃತ್ತಿಕಾ ಕೈಯಲ್ಲಿದ್ದ ಎಳೆಗೆ ಗಂಟು ಹಾಕಿದಳು. ನಂತರ ಅವನ ಕಡೆ ಮುಖವೆತ್ತಿ ಮಾತಾಡತೊಡಗಿದಳು. ದನಿಯಿಲ್ಲ, ತುಟಿ ಮಾತ್ರ. ಒಂದು ಮಾತಲ್ಲ, ಎರಡಲ್ಲ. ಬೆರಳು ಮಡಿಸಿ ಏನೋ ಒಂದು, ಎರಡು, ಮೂರು ಎಂದು ಎಣಿಸಿದಳು. ಮೂರನೆಯದರಲ್ಲಿ ಹುಬ್ಬು ಮೇಲೇರಿತು. ಅವಳು ಹೇಳಿದ್ದನ್ನು ಕೆಲಸದಾಕೆ ಓದಿ ಮುಖ ಆಚೆ ತಿರುಗಿಸಿಕೊಂಡಳು, ನಗುವಿಗೆ ಅವಳ ಭುಜ ಕುಲುಕಿದವು. ಸೋಮಸುಂದರಂ ಓದಿ ನೆಲ ನೋಡಿದರು. ಅಜ್ಜಿ ಓದಿ ಸೆರಗು ಇಳಿಸಿದರು. ಇಡೀ ಶೆಡ್ಡಿಗೆ ಗೊತ್ತಾಯಿತು. ಅವನಿಗೊಬ್ಬನಿಗೆ ಗೊತ್ತಾಗಲಿಲ್ಲ.

"ಏನಂತೆ?" ಎಂದು ಸುಶೀಲಮ್ಮ ಅವನ ಕಿವಿಗೆ ಬಾಯಿಟ್ಟು ಕಿರುಚಿದಳು. "ಏನು ಹೇಳ್ತಿದಾಳೆ ಕಣ್ಣು?"

ಗೊತ್ತಿಲ್ಲವೆಂದು ಅವನು ತಲೆಯಾಡಿಸಿದ. ಆಚೆಯಿಂದ ಅವಳು ಅದನ್ನೂ ನೋಡಿದಳು. ಮಾತು ನಿಲ್ಲಿಸಿ, ಮುಂದಲೆಯ ಕೂದಲನ್ನು ಮೊಣಕೈಯಿಂದ ಹಿಂದೆ ತಳ್ಳಿ, ಮಗ್ಗದ ಪಕ್ಕಕ್ಕೆ ಒಂದು ಹೆಜ್ಜೆ ಹತ್ತಿರ ಬಂದಳು. ಮತ್ತೆ ಮೊದಲಿಂದ ಶುರುಮಾಡಿದಳು, ಈ ಸಲ ನಿಧಾನವಾಗಿ, ಒಂದೊಂದನ್ನೂ ಬಿಡಿಸಿ. ದೀನದಯಾಳನ್ ಮುಂದಕ್ಕೆ ಬಾಗಿ, ಉಸಿರೂ ಆಡದೆ, ಅವಳ ತುಟಿಯನ್ನು ನೋಡುತ್ತ ನಿಂತ. ಅವರ ಪಕ್ಕದಲ್ಲಿ ಸೀರೆಯ ಅಂಚು ಎಳೆ ಎಳೆಯಾಗಿ ಮೇಲೇಳುತ್ತಿತ್ತು.